ಎಂಟು ಕಿಟಕಿ, ಒಂದು ಪರದೆ

2010ರಲ್ಲಿ ಬಿಇ ಮುಗಿಸಿ ಮೈಸೂರಿನಲ್ಲಿ ಟ್ರೈನಿಂಗ್‌ನಲ್ಲಿದ್ದೆ. ಶನಿವಾರ ಸಂಜೆಯಾದರೆ ಹೆಬ್ಬಾಳದ ಕಡೆಯಿಂದ ರೈಲ್ವೆ ಸ್ಟೇಷನ್ನಿಗೆ ಬಂದು ಹಾಸನದ ಪ್ಯಾಸೆಂಜರ್ ಹಿಡಿಯೋದು ರೂಢಿ. ಆಟೋಗೆ ದುಡ್ಡು ಯಾಕೆ ದಂಡ ಅಂತ ಎಷ್ಟೋ ಸಲ ಯಾದವಗಿರಿ ಒಳಗಿಂದ ನಡೆದುಕೊಂಡೇ ಬರ್ತಿದ್ದೆ. ವಿವೇಕಾನಂದ ರಸ್ತೆಯಲ್ಲಿ ಒಂದು ಮನೆ ದಾಟಿ ಬರಬೇಕು. ಆ ಮನೆ ಇದ್ದದ್ದು ನನಗೆ ನೆನಪೇ ಇಲ್ಲ. ಅದೇ ರಸ್ತೆಯ ಒಂದು ಬೇಕರಿಯ ಆಲೂ ಬನ್ ನೆನಪಿದೆ, ಮನೆ ಮಾತ್ರ ಇಲ್ಲ.

ಮಾರನೇ ವರ್ಷ, ಅಂದರೆ 2011ರಲ್ಲಿ, ಆ ಮನೆ ಪತ್ರಿಕೆಗಳಲ್ಲಿ ಬಂತು. ಆರ್. ಕೆ. ನಾರಾಯಣ್ ಕಟ್ಟಿಸಿ, ದಶಕಗಳ ಕಾಲ ಬಾಳಿದ ಮನೆ. ವಾರಸುದಾರರಿಂದ ಕೈಬದಲಾಗಿ ಅಪಾರ್ಟ್‌ಮೆಂಟ್ ಏಳಿಸಲು ಕೆಡವುವ ಕೆಲಸ ಶುರುವಾಗಿತ್ತು. ಸುದ್ದಿ ಬಂದದ್ದೇ ಗಲಾಟೆಯಾಗಿ ಆಡಳಿತ ತಡೆ ಹಾಕಿತು. ಅಷ್ಟರಲ್ಲಿ ಒಂದಷ್ಟು ಭಾಗಕ್ಕೆ ಪೆಟ್ಟು ಬಿದ್ದಾಗಿತ್ತು. ಆಮೇಲೆ ಮೈಸೂರು ಮಹಾನಗರ ಪಾಲಿಕೆ 2 ಕೋಟಿಗೂ ಮೇಲೆ ಕೊಟ್ಟು ಮನೆ ಕೊಂಡುಕೊಂಡಿತು. ದುರಸ್ತಿ ಮಾಡಿಸಿ 2016ರಲ್ಲಿ ಮ್ಯೂಸಿಯಂ ಅಂತ ಬಾಗಿಲು ತೆರೆಯಿತು.

ನಾನು ಒಳಗೆ ಕಾಲಿಟ್ಟದ್ದು ಅದಕ್ಕೂ ಬಹಳ ತಡವಾಗಿ. ಅಲ್ಲಿಂದ ಬಂದಮೇಲೆ ಈ ಬರಹ ತಲೆಯಲ್ಲಿ ಕೊರೀತಾನೇ ಇತ್ತು. ಕಾರಣ ಸಾಹಿತ್ಯಪ್ರೇಮ ಅಂದುಕೊಂಡರೆ ತಪ್ಪಾಗತ್ತೆ. ಅದೇ ಹೊತ್ತಿಗೆ ಊರಲ್ಲಿ ನಾನೂ ಒಂದು ಮನೆ ಕೆಡವಿಸಿದ್ದೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಈ ಮನೆ ನೋಡೋಣ.

ಬಿಳಿ ಬಣ್ಣದ, ತಾರಸಿಯ, ಎರಡಂತಸ್ತಿನ ಮನೆ. ಸುತ್ತ ಜಾಗ ಬಿಟ್ಟು ಸೈಟಿನ ಮಧ್ಯೆ ನಿಂತಿದೆ. ಒಂದು ಮೂಲೆ ಮಾತ್ರ ಅರೆವೃತ್ತಾಕಾರದಲ್ಲಿ ಹೊರಗೆ ಉಬ್ಬಿಕೊಂಡಿದೆ, ಸಾಲಾಗಿ ಕಿಟಕಿಗಳಿವೆ. ಅರಮನೆ, ಜಗನ್ಮೋಹನ, ಲಲಿತಮಹಲ್ ನೋಡಿ ಬಂದ ಟೂರಿಸ್ಟಿಗೆ ಇದರಲ್ಲಿ ಏನೂ ಕಾಣಲ್ಲ. ಕಂಬ ಇಲ್ಲ, ಕೆತ್ತನೆ ಇಲ್ಲ, ಗೋಪುರ ಇಲ್ಲ. ಯಾವುದೋ ರಿಟೈರ್ಡ್ ಎಂಜಿನಿಯರ್ ಸಾಹೇಬರ ಮನೆ ಅನ್ನಿಸತ್ತೆ. ನಾನು ಗಮನಿಸದೆ ನಡೆದುಹೋಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಈ ಸಾದಾ ಮನೆಯಲ್ಲೇ ಒಂದು ದೊಡ್ಡ ಬದಲಾವಣೆ ಇದೆ. ಅದನ್ನು ಕಾಣೋಕೆ ನೀವು ಹಳ್ಳಿಮನೆಯಲ್ಲಿ ಬೆಳೆದಿದ್ದರೆ ಅನುಕೂಲ.

ನಮ್ಮ ಕಡೆಯ ತೊಟ್ಟಿಮನೆ ಹೊರಗೆ ನೋಡೋದಿಲ್ಲ. ಬೀದಿಗೆ ಅದು ಕೊಡೋದು ಒಂದು ಜಗಲಿ, ಒಂದು ದಪ್ಪ ಬಾಗಿಲು, ಕೈಯಗಲದ ಒಂದೆರಡು ಕಿಟಕಿ ಅಷ್ಟೆ. ಬೆಳಕು ಬರೋದು ಮೇಲಿಂದ, ತೊಟ್ಟಿಯೊಳಕ್ಕೆ. ಮಳೆಯೂ ಅಲ್ಲಿಗೇ ಬೀಳತ್ತೆ. ಮನೆಯ ಮುಖ ಮನೆಯೊಳಕ್ಕೇ ತಿರುಗಿದೆ: ಯಾರು ಎದ್ದರು, ಯಾರು ಉಂಡರು, ಯಾರು ಮುನಿಸಿಕೊಂಡು ಅಟ್ಟ ಹತ್ತಿದರು ಎಲ್ಲವೂ ಎಲ್ಲರಿಗೂ ಕಾಣತ್ತೆ. ಅಗ್ರಹಾರದ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಕತೆ. ಪಕ್ಕದವರ ಗೋಡೆಗೆ ಗೋಡೆ ಅಂಟಿಕೊಂಡಿರುವಾಗ ಕಿಟಕಿ ಇಡೋದಾದರೂ ಎಲ್ಲಿ?

ಮೈಸೂರಿನಲ್ಲಿ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಕೋಟೆಯ ಇಕ್ಕಟ್ಟಿನಿಂದ ಹೊರಗೆ ಅಗಲ ರಸ್ತೆಗಳ, ಅಳತೆಯ ಸೈಟುಗಳ ಬಡಾವಣೆಗಳು ಬೆಳೆದವು. ಸೈಟಿನ ಮಧ್ಯೆ ಮನೆ, ಸುತ್ತ ಕಾಂಪೌಂಡು, ನಾಲ್ಕೂ ದಿಕ್ಕಿಗೆ ಕಿಟಕಿ. ತೊಟ್ಟಿ ಹೋಯಿತು, ಮನೆಯ ಮುಖ ಹೊರಕ್ಕೆ ತಿರುಗಿತು. ಒಳಗೆ ಎಲ್ಲರೂ ಎಲ್ಲರನ್ನೂ ನೋಡುವ ಜಾಗದ ಬದಲು ಬೇರೆ ಬೇರೆ ರೂಮುಗಳು ಬಂದವು, ರೂಮಿಗೆ ಬಾಗಿಲು ಬಂತು, ಬಾಗಿಲಿಗೆ ಚಿಲಕ ಬಂತು. ಯಾದವಗಿರಿಯ ಈ ಮನೆ ಆ ತಿರುವಿನ ಕೊನೆಯ ತುದಿ. ಒಂದೇ ರೂಮಿಗೆ ಎಂಟು ಕಿಟಕಿ!

ಆ ರೂಮು ಆಕಸ್ಮಿಕ ಅಲ್ಲ, ನಾರಾಯಣ್ ತಾವೇ ಬೇಕೆಂದು ಮಾಡಿಸಿಕೊಂಡದ್ದು. ಆತ್ಮಕಥೆ ‘ಮೈ ಡೇಸ್’ನಲ್ಲಿ (1974) ಅದರ ವಿಷಯ ಬರೆದುಕೊಂಡಿದ್ದಾರೆ. ಸುತ್ತಲೂ ನೋಟ ಸಿಗಲಿ ಅಂತ ಕಟ್ಟಿಸಿದ ಓದು-ಬರಹದ ಕೋಣೆ. ಒಂದು ಕಡೆ ಚಾಮುಂಡಿ ಬೆಟ್ಟ, ಒಂದು ಕಡೆ ಊರಿನ ಗೋಪುರ ಗುಮ್ಮಟಗಳು, ಸುತ್ತ ಹುಲ್ಲುಗಾವಲಲ್ಲಿ ಮೇಯುವ ದನ ಕುರಿ, ದೂರದಲ್ಲಿ ಹಾಯುವ ರೈಲು. ಆಗ ಯಾದವಗಿರಿ ಅಂದರೆ ಊರಾಚೆ.

ಮುಂದೆ ಆದದ್ದೇ ತಮಾಷೆ. ಇಷ್ಟು ಚಂದದ ನೋಟ ಎದುರಿಗಿದ್ದರೆ ಬರೆಯೋಕೆ ಆಗುತ್ತಾ? ಮನುಷ್ಯ ಸೂರ್ಯಾಸ್ತ ನೋಡ್ತಾ ಕೂತುಬಿಟ್ಟ. ಕೊನೆಗೆ ಆ ಕಿಟಕಿಗಳಿಗೆ ದಪ್ಪ ಬೂದುಬಣ್ಣದ ಪರದೆ ಎಳೆದ ಮೇಲೆಯೇ ದಿನಕ್ಕೆ ಸಾವಿರ ಪದ ಬರೆಯೋದು ಸಾಧ್ಯವಾಯಿತಂತೆ. ಇದನ್ನು ಓದಿದಾಗ ನಾನು ಆಫೀಸಿನಲ್ಲಿದ್ದೆ. ಕಿತ್ತಾಡಿ ಪಡೆದ ಕಿಟಕಿ ಪಕ್ಕದ ಸೀಟು, ಮಾನಿಟರಿಗೆ ಬಿಸಿಲು ಹೊಡೆಯತ್ತೆ ಅಂತ ಹಗಲೆಲ್ಲ ಬ್ಲೈಂಡ್ಸ್ ಎಳೆದಿಟ್ಟಿರ್ತೀವಿ. ನಕ್ಕುಬಿಟ್ಟೆ.

ನಗು ಒಂದು ಕಡೆ ಇರಲಿ. ನನ್ನ ಪ್ರಕಾರ ಈ ಮನೆಯ ನಿಜವಾದ ವಾಸ್ತುಶಿಲ್ಪ ಅಂದರೆ ಆ ಪರದೆ. ಕಟ್ಟಡ ಒಂದು ಆಸೆ ಹೇಳತ್ತೆ, ಬದುಕಿದವನು ಅದಕ್ಕೆ ತಿದ್ದುಪಡಿ ಹಾಕ್ತಾನೆ. ಪ್ಲಾನಿನಲ್ಲಿ ಎಂಟು ಕಿಟಕಿ, ಬಳಕೆಯಲ್ಲಿ ಒಂದೂ ಇಲ್ಲ. ನಾವು ಬರೆಯೋ ಸಾಫ್ಟ್‌ವೇರಿನಲ್ಲೂ ಹಾಗೇ ತಾನೇ? ಡಿಸೈನ್ ಡಾಕ್ಯುಮೆಂಟ್ ಓದಿ ಸಿಸ್ಟಮ್ ಗೊತ್ತಾಗಲ್ಲ, ಬಳಸೋರು ಏನನ್ನು ಆಫ್ ಮಾಡಿಟ್ಟಿದ್ದಾರೆ ಅಂತ ನೋಡಿದರೆ ಗೊತ್ತಾಗತ್ತೆ.

ಇನ್ನು ಇದ್ದವರ ವಿಷಯ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ಮದರಾಸಿನಲ್ಲಿ. ಬೆಳೆದದ್ದು ಬಹುಪಾಲು ಅಜ್ಜಿಮನೆಯಲ್ಲಿ. ತಂದೆ ಮೈಸೂರು ಸಂಸ್ಥಾನದ ಹೆಡ್‌ಮಾಸ್ಟರು. ಅವರಿಗೆ ಮಹಾರಾಜ ಹೈಸ್ಕೂಲಿಗೆ ವರ್ಗವಾದ ಮೇಲೆ ಮಗನೂ ಮೈಸೂರಿಗೆ ಬಂದು ಮಹಾರಾಜ ಕಾಲೇಜಿನಲ್ಲಿ ಬಿಎ ಮಾಡಿದರು. ದೊಡ್ಡ ಸಂಸಾರ ಲಕ್ಷ್ಮೀಪುರಂನ ಬಾಡಿಗೆ ಮನೆಯಲ್ಲಿತ್ತು. ತಮ್ಮ ಆರ್. ಕೆ. ಲಕ್ಷ್ಮಣ್ 1921ರಲ್ಲಿ ಹುಟ್ಟಿದ್ದು ಮೈಸೂರಿನಲ್ಲೇ. ಹೆಂಡತಿ ರಾಜಂ 1939ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡಾಗ ನಾರಾಯಣ್‌ಗೆ 33 ಕೂಡ ತುಂಬಿರಲಿಲ್ಲ, ಕೈಯಲ್ಲಿ ಪುಟ್ಟ ಮಗಳು. ಆ ದುಃಖವೇ ಮುಂದೆ ‘ದಿ ಇಂಗ್ಲಿಷ್ ಟೀಚರ್’ (1945) ಆಯಿತು. ಅವರು ಮತ್ತೆ ಮದುವೆಯಾಗಲಿಲ್ಲ.

ಯಾದವಗಿರಿ ಮನೆ ಇದೆಲ್ಲ ಆದ ಮೇಲಿನದು. 1940ರ ದಶಕದ ಕೊನೆಗೆ ಶುರುವಾದ ಕೆಲಸ ವರ್ಷಗಟ್ಟಲೆ ಎಳೆದು 1950ರ ದಶಕದ ಆರಂಭದಲ್ಲಿ ಮುಗಿಯಿತು. ಆಗ ಅವರಿಗೆ ವಯಸ್ಸು ನಲವತ್ತೈದರ ಆಚೆ ಈಚೆ. ಸಂಬಳ ಇಲ್ಲದ, ಬರೀ ಬರೆದು ಬದುಕುವ ಮನುಷ್ಯ ಕಟ್ಟಿಸಿದ ಸ್ವಂತ ಮನೆ ಅನ್ನೋದನ್ನು ಮರೆಯಬೇಡಿ. ಇಪ್ಪತ್ತು ವರ್ಷದ ಹೋಮ್‌ಲೋನ್ ಕಟ್ತಿರೋ ನಮಗೆ ಇದರ ತೂಕ ಗೊತ್ತಾಗಬೇಕು.

ಮನೆ ಮುಗಿದ ಮೇಲೂ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋಗಲಿಲ್ಲ. ಸಂಸಾರ ಲಕ್ಷ್ಮೀಪುರಂನಲ್ಲೇ ಇತ್ತು. ನಾರಾಯಣ್ ಹಗಲು ಯಾದವಗಿರಿಗೆ ಹೋಗಿ ಬರೆದು, ಸಂಜೆ ಜನರ ನಡುವೆ ಇರೋಕೆ ಲಕ್ಷ್ಮೀಪುರಂಗೆ ವಾಪಸ್ ಬರ್ತಿದ್ದರು. ಅಂದರೆ ಆರಂಭದಲ್ಲಿ ಈ ಮನೆ ಅವರಿಗೆ ಒಂಥರಾ ಆಫೀಸು. ಮಾತು, ಜಗಳ, ಹಬ್ಬ, ಕಾಫಿ ಎಲ್ಲ ಒಂದು ಮನೆಯಲ್ಲಿ. ಮೌನ ಇನ್ನೊಂದು ಮನೆಯಲ್ಲಿ. ವರ್ಕ್ ಫ್ರಮ್ ಹೋಮ್ ಅಂತ ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹಿಂದೆ ಕುಕ್ಕರ್ ಕೂಗುವಾಗ ಮ್ಯೂಟ್ ಒತ್ತುವ ನಮಗೆ ಇದು ಹೊಟ್ಟೆಕಿಚ್ಚಿನ ವಿಷಯ. ಆಮೇಲಾಮೇಲೆ ಅದೇ ಪೂರ್ತಿ ವಾಸದ ಮನೆಯಾಯಿತು. 1990ರ ಹೊತ್ತಿಗೆ ಆರೋಗ್ಯ ಕೆಟ್ಟು ಚೆನ್ನೈಗೆ ಹೋದರು. 2001ರ ಮೇ 13ರಂದು ಅಲ್ಲೇ ತೀರಿಕೊಂಡರು.

ಈಗ ಮ್ಯೂಸಿಯಂನ ವಿಚಾರ. ಒಳಗೆ ಅಚ್ಚುಕಟ್ಟಾಗಿದೆ. ಗೋಡೆ ಮೇಲೆ ಫೋಟೋಗಳು, ಕಾದಂಬರಿಗಳಿಂದ ಆಯ್ದ ಮಾತುಗಳು, ಪುಸ್ತಕಗಳು, ಬಳಸಿದ ಕೆಲವು ವಸ್ತುಗಳು. ಗುಡಿಸಿ ಒರೆಸಿ ಇಟ್ಟಿದ್ದಾರೆ. ಸರ್ಕಾರಿ ಕೆಲಸ ಅಂದರೆ ಮೂಗು ಮುರಿಯೋ ನಮ್ಮಂಥವರು ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಪಾಲಿಕೆ ದುಡ್ಡು ಹಾಕದಿದ್ದರೆ ಅಲ್ಲಿ ಇವತ್ತು ಬೇಸ್‌ಮೆಂಟ್ ಪಾರ್ಕಿಂಗ್ ಇರ್ತಿತ್ತು.

ಆದರೂ ಒಂದು ತಕರಾರಿದೆ. ಆ ಮನೆಯಲ್ಲಿ ನಾರಾಯಣ್ ಲೇಖಕರಾಗಿ ಸಿಗ್ತಾರೆ, ಮನೆ ಯಜಮಾನರಾಗಿ ಸಿಗೋದಿಲ್ಲ. ಗೋಡೆಗಳು ಮಾಲ್ಗುಡಿಯ ಮಾತಾಡ್ತವೆ, ತಮ್ಮ ವಿಷಯ ತಾವು ಹೇಳಲ್ಲ. ಈ ಕೋಣೆ ಯಾಕೆ ದುಂಡಗಿದೆ? ಅಡುಗೆಮನೆಯಲ್ಲಿ ಯಾರು ಕೆಲಸ ಮಾಡ್ತಿದ್ದರು? ಕೆಡವಿದ ಭಾಗ ಯಾವುದು, ಹೊಸದಾಗಿ ಕಟ್ಟಿದ್ದು ಯಾವುದು? ನಾನು ಹೋದ ದಿನ ಇದಕ್ಕೆಲ್ಲ ಉತ್ತರ ಸಿಗಲಿಲ್ಲ. ಮಹಡಿಯ ಕೋಣೆಯಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು, ಬೆಳಕು ಚೆನ್ನಾಗಿತ್ತು, ಜನ ಸೆಲ್ಫಿ ತೆಗೀತಿದ್ದರು. ನಾನೂ ತೆಗೆದೆ. ಬೂದು ಪರದೆಯ ಕತೆ ಗೊತ್ತಿದ್ದವನಿಗೆ ಆ ಬೆಳಕು ಸ್ವಲ್ಪ ಸುಳ್ಳು ಅನ್ನಿಸಿತು.

ಇನ್ನೊಂದು ಮಾತು. ಮಾಲ್ಗುಡಿ ಈ ಮನೆಯಲ್ಲಿ ಹುಟ್ಟಿದ್ದೇ ಅಲ್ಲ. ಆ ಹೆಸರು ಅವರಿಗೆ ಹೊಳೆದದ್ದು 1930ರ ವಿಜಯದಶಮಿಯಂದು, ಬೆಂಗಳೂರಿನಲ್ಲಿ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂದದ್ದು 1935ರಲ್ಲಿ, ಆಗ ಈ ಸೈಟಿನಲ್ಲಿ ಏನೂ ಇರಲಿಲ್ಲ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ದಿ ಗೈಡ್’ (1958) ಬಹುಪಾಲು ಬರೆದದ್ದು ಅಮೆರಿಕದ ಬರ್ಕ್ಲಿಯ ಹೋಟೆಲ್ ರೂಮಿನಲ್ಲಿ ಕೂತು. ಎಂಟು ಕಿಟಕಿಯ ಕೋಣೆ ಬಿಟ್ಟುಹೋಗಿ ಹೋಟೆಲ್ಲಿನಲ್ಲಿ ಬರೆದ ಪುಸ್ತಕವೇ ಎಲ್ಲಕ್ಕಿಂತ ಹೆಸರು ಮಾಡಿತು! ಅದು ಸಿನಿಮಾ ಆಗುವಾಗ ನಾರಾಯಣ್ ಚಿತ್ರತಂಡವನ್ನು ಮೈಸೂರು ಸೀಮೆಯಲ್ಲೆಲ್ಲ ಸುತ್ತಿಸಿ ಜಾಗಗಳನ್ನು ತೋರಿಸಿದರು. ಅವರು ನೋಡಿ, ತಲೆಯಾಡಿಸಿ, ರಾಜಸ್ಥಾನಕ್ಕೆ ಹೋಗಿ ಶೂಟಿಂಗ್ ಮಾಡಿದರು.

ಹಾಗಾದರೆ ಈ ಮನೆ ಉಳಿಸಿದ್ದು ದಂಡವಾ? 2012ರಲ್ಲಿ ಕನ್ನಡದ ಕೆಲವು ಹಿರಿಯ ಸಾಹಿತಿಗಳು ಹೆಚ್ಚುಕಡಿಮೆ ಹಾಗೇ ಕೇಳಿದರು. ಇಂಗ್ಲಿಷಿನಲ್ಲಿ ಬರೆದವರು, ಕನ್ನಡಕ್ಕೆ ಏನು ಕೊಟ್ಟರು, ಅವರಿಗೆ ಸರ್ಕಾರದ ಕೋಟಿಗಳು ಯಾಕೆ ಅನ್ನೋದು ವಾದ. ಅವರ ಹಸ್ತಪ್ರತಿಗಳು ಇರೋದು ಬೋಸ್ಟನ್ ಯೂನಿವರ್ಸಿಟಿಯಲ್ಲಿ ಅನ್ನೋ ಸಿಟ್ಟೂ ಇತ್ತು. ಇನ್ನೊಂದು ಕಡೆಯವರು ಇದನ್ನು ಸಂಕುಚಿತ ಬುದ್ಧಿ ಅಂತ ತಳ್ಳಿಹಾಕಿದರು.

ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಬಿಇ ಮೊದಲ ವರ್ಷ ಲೆಕ್ಚರರ್ ಹೇಳಿದ್ದರಲ್ಲಿ ಅರ್ಧ ತಲೆಮೇಲೆ ಹೋಗ್ತಿತ್ತು. ಹಾಗಾಗಿ ಆ ಪ್ರಶ್ನೆ ಕೇಳಿದವರನ್ನು ನಗೆಯಾಡೋಕೆ ನನಗೆ ಮನಸ್ಸು ಬರಲ್ಲ. ಕನ್ನಡದ ಎಷ್ಟೋ ಲೇಖಕರ ಮನೆಗಳು ಯಾರ ಗಮನಕ್ಕೂ ಬರದೆ ನೆಲ ಕಂಡಿವೆ. ಇಂಗ್ಲಿಷ್ ಪೇಪರ್ ಓದೋರ ಕಣ್ಣಿಗೆ ಬಿದ್ದ ಮನೆ ಮಾತ್ರ ಉಳಿಯೋದಾದರೆ ಕೇಳೋದರಲ್ಲಿ ನ್ಯಾಯ ಇದೆ.

ಆದರೆ ಉತ್ತರ ಕೆಡವೋದರಲ್ಲಿ ಇಲ್ಲ. ಒಂದು ಮನೆ ಭಾಷೆಯಲ್ಲಿ ಕಟ್ಟಿದ್ದಲ್ಲ, ಇಟ್ಟಿಗೆ ಗಾರೆಯಲ್ಲಿ ಕಟ್ಟಿದ್ದು. ಅದನ್ನು ಕಟ್ಟಿದ ಮೇಸ್ತ್ರಿಗಳು, ಮರದ ಕೆಲಸದವರು ಈ ಊರಿನವರೇ ಆಗಿದ್ದಿರಬೇಕು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮೈಸೂರಿನ ಮಧ್ಯಮ ವರ್ಗ ಕಂಡ ಕನಸು ಯಾವ ಆಕಾರದ್ದು ಅನ್ನೋದಕ್ಕೆ ಇದು ಸಾಕ್ಷಿ. ಅರಮನೆಗಳನ್ನು ಕಾಯೋಕೆ ಜನ ಇದ್ದಾರೆ. ಹೆಡ್‌ಮಾಸ್ಟರ್ ಮಗನೊಬ್ಬ ಕಟ್ಟಿಸಿದ ಮನೆಯನ್ನು ಕಾಯೋರು ಯಾರು? ನನ್ನ ಕೇಳಿದರೆ ನಾರಾಯಣ್ ಹೆಸರು ಆ ಮನೆಗೆ ಸಿಕ್ಕ ಅದೃಷ್ಟ. ಆ ಹೆಸರಿನ ನೆಪದಲ್ಲಿ ಒಂದು ಕಾಲದ ಸಾದಾ ಮನೆ ಉಳೀತು.

ಇದರ ಎದುರಿಗೆ ಆಗುಂಬೆಯ ದೊಡ್ಡಮನೆ ಇಟ್ಟು ನೋಡಿ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದದ್ದು ಅಲ್ಲಿ. ನಮ್ಮ ತಲೆಮಾರಿನವರ ಕಣ್ಣಲ್ಲಿ ಸ್ವಾಮಿಯ ಮನೆ ಅಂದರೆ ಅದೇ. ನಾರಾಯಣ್ ಒಂದು ದಿನವೂ ಬಾಳದ ಮನೆ! ಆದರೆ ಒಳಗೆ ಹೋದರೆ ತೊಟ್ಟಿ ಇದೆ, ಕಂಬಗಳಿವೆ, ಮನೆಯವರು ಇದ್ದಾರೆ. ನಾನು ಹೋದಾಗ ಊಟದ ಹೊತ್ತು, ಎಲೆ ಹಾಕಿ ಕೂರಿಸಿದರು. ಲೇಖಕರಿದ್ದ ಮನೆಯಲ್ಲಿ ಈಗ ಬದುಕಿಲ್ಲ, ಬದುಕಿರುವ ಮನೆಯಲ್ಲಿ ಲೇಖಕರು ಇರಲಿಲ್ಲ. ಎರಡನ್ನೂ ನೋಡಿದವನಿಗೆ ಅನ್ನಿಸೋದು, ಮನೆ ಉಳಿಯೋದು ಗೋಡೆ ನಿಂತಿದ್ದರೆ ಮಾತ್ರ ಅಲ್ಲ, ಒಲೆ ಉರೀತಿದ್ದರೆ.

ಈಗ ನನ್ನ ಮನೆಯ ವಿಷಯ.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಮುತ್ತಾತ ಕಟ್ಟಿಸಿದ್ದ ತೊಟ್ಟಿಮನೆ. ಮಣ್ಣಿನ ಗೋಡೆ, ನಾಡಹೆಂಚು, ಹಲಸಿನ ಮರದ ಕಂಬ. ಸಂಬಳ ಏರಿದ ಹಾಗೆ ಊರಿಗೆ ಹೋದಾಗಲೆಲ್ಲ ನನಗೆ ಅದರ ಕತ್ತಲೆ ಕಣ್ಣಿಗೆ ಹೊಡೀತಿತ್ತು. ಮಳೆಗಾಲದಲ್ಲಿ ಸೋರತ್ತೆ, ಹೆಂಚು ಕೈಯಾಡಿಸೋಕೆ ಆಳು ಸಿಗಲ್ಲ, ಅಪ್ಪನಿಗೆ ಅಟ್ಟ ಹತ್ತೋಕೆ ಆಗಲ್ಲ. ಲೋನ್ ತೆಗೆದು ಆರ್‌ಸಿಸಿ ಮನೆ ಕಟ್ಟಿಸಿಯೇಬಿಡೋಣ ಅಂದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಕಿಟಕಿ ದೊಡ್ಡವು ಇಡ್ಸಪ್ಪ, ನಿಮ್ಮಜ್ಜಿ ಕತ್ಲೇಲೇ ಬೇಯ್ಸಿ ಬೇಯ್ಸಿ ಕಣ್ಣು ಕಳ್ಕಂಡ್ಲು’ ಅಂದರು. ಬೇರೇನೂ ಹೇಳಲಿಲ್ಲ.

ಈ ಮಾತು ಮರೀಬಾರದು ಅಂತ ಬರೀತಿದ್ದೀನಿ. ನಗರದಲ್ಲಿ ಕೂತು ತೊಟ್ಟಿಮನೆ ಬಗ್ಗೆ ಹಂಬಲಿಸೋ ನಾವು ಅದರೊಳಗೆ ಹೊಗೆ ಕುಡಿದವರನ್ನು ಕೇಳಲ್ಲ. ಕಿಟಕಿ ಅನ್ನೋದು ಅಪ್ಪನಿಗೆ ಸೂರ್ಯಾಸ್ತ ನೋಡೋಕಲ್ಲ, ಹೊಗೆ ಹೋಗೋಕೆ.

ಒಂದೂವರೆ ದಿನದಲ್ಲಿ ಜೆಸಿಬಿ ಕೆಲಸ ಮುಗಿಸಿತು. ನಾನು ಎದುರಿಗೆ ನಿಂತಿರಲಿಲ್ಲ, ಬೆಂಗಳೂರಿನಲ್ಲಿ ಒಂದು ರಿಲೀಸ್ ಇತ್ತು. ಕಂಬಗಳನ್ನು ಯಾರೋ ರೆಸಾರ್ಟಿನವರು ಕೊಂಡುಹೋದರು. ಕೊಟ್ಟ ದುಡ್ಡು ಹೊಸ ಮನೆಯ ಬಾತ್‌ರೂಮ್ ಟೈಲ್ಸಿಗೆ ಆಯಿತು. ಹಳೇ ಮನೆಯದು ಅಂತ ನನ್ನ ಹತ್ತಿರ ಇರೋದು ನಾಲ್ಕು ಫೋಟೋ. ಮೂರರಲ್ಲಿ ಯಾವುದೋ ಮದುವೆಯ ಚಪ್ಪರ ಅಡ್ಡ ಬಂದಿದೆ.

ಹೊಸ ಮನೆಯಲ್ಲಿ ಕಿಟಕಿಗಳು ದೊಡ್ಡವೇ. ಎಣಿಸಿದೆ, ಹನ್ನೊಂದು. ಬಿಸಿಲು ಜಾಸ್ತಿ ಅಂತ ಅವ್ವ ಹಳೇ ಸೀರೆಗಳನ್ನು ಕತ್ತರಿಸಿ ಎಲ್ಲದಕ್ಕೂ ಪರದೆ ಕಟ್ಟಿದ್ದಾಳೆ. ಮಧ್ಯಾಹ್ನ ಅಪ್ಪ ಒಳಗೆ ಕೂರಲ್ಲ, ಮುಂದಿನ ಪೋರ್ಟಿಕೋದಲ್ಲಿ ಚಾಪೆ ಹಾಸಿಕೊಳ್ಳುತ್ತಾರೆ, ಜಗಲಿ ಇದ್ದ ಜಾಗದಲ್ಲೇ.

ಕೆಡವಿದ್ದು ತಪ್ಪು ಅಂತ ನಾನು ಹೇಳಲಾರೆ. ಅಪ್ಪ ಅವ್ವ ಈಗ ಮಳೆಗಾಲದಲ್ಲಿ ರಾತ್ರಿ ಎದ್ದು ಪಾತ್ರೆ ಇಡಬೇಕಾಗಿಲ್ಲ. ಆದರೆ ಕೆಡವೋ ಮೊದಲು ಒಂದು ಅಳತೆ ತೆಗೆಸಲಿಲ್ಲ, ಒಂದು ನಕ್ಷೆ ಬರೆಸಲಿಲ್ಲ, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು ಅಂತ ಅಪ್ಪನನ್ನು ಕೂರಿಸಿ ಕೇಳಲಿಲ್ಲ. ಆಫೀಸಿನಲ್ಲಿ ಹಳೇ ಕೋಡ್ ತೆಗೆಯೋ ಮುಂಚೆ ಬ್ಯಾಕಪ್ ಇಲ್ಲದಿದ್ದರೆ ಜೂನಿಯರ್‌ಗಳಿಗೆ ಬೈಯೋನು ನಾನೇ. ನೂರು ವರ್ಷದ ಮನೆಗೆ ಬ್ಯಾಕಪ್ ಬೇಕು ಅಂತ ನನಗೆ ಹೊಳೀಲೇ ಇಲ್ಲ. ಆ ತಪ್ಪು ನನ್ನದು.

ಯಾದವಗಿರಿ ಮ್ಯೂಸಿಯಂ ನೋಡಿಕೊಳ್ಳುವವರಿಗೆ ಹೇಳೋದಿದ್ದರೆ ಎರಡು ಮಾತು ಹೇಳ್ತೀನಿ. ಮನೆಯ ನಕ್ಷೆಯನ್ನೇ ಒಂದು ಗೋಡೆ ಮೇಲೆ ಹಾಕಿ: ಯಾವುದು ಹಳೇದು, ಯಾವುದು ಹೊಸದು, ಯಾವ ಕೋಣೆ ಏನಕ್ಕೆ ಬಳಕೆಯಾಗ್ತಿತ್ತು ಅಂತ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಮಹಡಿಯ ಕೋಣೆಗೆ ಒಂದು ದಪ್ಪ ಬೂದು ಪರದೆ ತಂದು ಹಾಕಿ. ಬಂದವರು ಮೊದಲು ಕತ್ತಲಲ್ಲಿ ಒಂದು ನಿಮಿಷ ಕೂರಲಿ, ಆಮೇಲೆ ತಾವೇ ಎಳೆದು ನೋಡಲಿ. ಹೊರಗೆ ಈಗ ಮೇಯುವ ದನವಿಲ್ಲ, ಮನೆಗಳು, ವೈರುಗಳು, ಸಿಂಟೆಕ್ಸ್ ಟ್ಯಾಂಕುಗಳು ಇವೆ. ಪರವಾಗಿಲ್ಲ, ಅದೂ ಕಾಣಲಿ.

ಇದನ್ನು ಓದುತ್ತಿರುವ ನಿಮಗೂ ಒಂದು ಮಾತು. ಊರಲ್ಲಿ ಹಳೇ ಮನೆ ಇನ್ನೂ ನಿಂತಿದ್ದರೆ, ಈ ಸಲ ಹಬ್ಬಕ್ಕೆ ಹೋದಾಗ ಒಂದು ಟೇಪು, ಒಂದು ನೋಟ್‌ಬುಕ್ಕು ತಗೊಂಡು ಹೋಗಿ. ಉಳಿಸೋದು ಬಿಡೋದು ಆಮೇಲಿನ ಮಾತು. ಗೋಡೆ ಅಳೆಯಿರಿ, ಕಿಟಕಿ ಎಣಿಸಿ, ಯಾವ ಕಿಟಕಿಗೆ ಪರದೆ ಇದೆ, ಯಾಕಿದೆ ಅಂತ ಕೇಳಿ. ಉತ್ತರ ಹೇಳೋರು ಇರುವಾಗಲೇ ಕೇಳಿ.